ಹಾಸು ಇಳಿಯುವ ತನಕ

ಬಾಡಿಗೆಯವರ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಬರಬೇಕೆಂದು ಬಯಸುವವರು ಈ ಅಧ್ಯಾಯ ಬಿಟ್ಟು ಮುಂದಿನದಕ್ಕೆ ಹೋಗಬಹುದು, ನನಗೇನೂ ಬೇಸರವಿಲ್ಲ. ಬಾಗಲಕೋಟೆಯ ನವನಗರದಲ್ಲಿ ಎರಡು ಮನೆ, ಇಳಕಲ್ಲಿನಲ್ಲಿ ಅಪ್ಪ ಬಿಟ್ಟುಹೋದ ಹಳೆಯ ಮನೆ, ಇಷ್ಟನ್ನು ಬಾಡಿಗೆಗೆ ಕೊಟ್ಟು ನಾನು ಕಂಡದ್ದು ಸಾಕಷ್ಟಿದೆ. ನಾಲ್ಕು ಮೊಳೆ ಹೊಡೆಯುತ್ತೇವೆಂದು ಕೇಳಿ ನಲವತ್ತು ಹೊಡೆದವರು, ಇಬ್ಬರೇ ಇರುತ್ತೇವೆಂದು ಬಂದು ತಿಂಗಳೊಳಗೆ ಏಳು ಮಂದಿಯಾದವರು, ಬಿಡುವಾಗ ಬಚ್ಚಲ ನಳವನ್ನೂ ತಿರುವಿ ಬಿಚ್ಚಿಕೊಂಡು ಹೋದವರು, ಬೀಗದ ಕೈಯನ್ನು ನನಗೆ ಕೊಡದೆ ತಮ್ಮ ಷಡ್ಡಕನಿಗೆ ಕೊಟ್ಟು ಅವನನ್ನೇ ಒಳಗೆ ಕೂಡಿಸಿ ಹೋದವರು. ಎಲ್ಲರ ಜೊತೆಗೂ ಜಗಳವಾಡಿದ್ದೇನೆ. ಎಲ್ಲ ಜಗಳದಲ್ಲೂ ನಾನೇ ಸರಿ ಎಂದು ಈಗಲೂ ನಂಬಿದ್ದೇನೆ. ಹೋದ ತಿಂಗಳು ಇಳಕಲ್ಲಿನ ಮನೆಯಲ್ಲಿರುವ ಮನುಷ್ಯ ಫೋನ್ ಮಾಡಿದ. ನಮಸ್ಕಾರವಿಲ್ಲ, ಏನಿಲ್ಲ.

"ಮೇಡಮ್, ನಿಮ್ಮ ದೊಡ್ಡ ಖೋಲಿ ನೆಲ ಮತ್ತ ಕುಂತೈತ್ರಿ. ಕಪಾಟು ವಾಲೇತಿ. ಬಂದು ನೋಡೂದಾದ್ರ ನೋಡ್ರಿ, ಇಲ್ಲಾಂದ್ರ ನಾ ಟೈಲ್ಸ್ ಎಲ್ಲಾ ಕಿತ್ತು ಹೊರಗ ಒಗೀತೇನಿ."

"ಒಗದು ನೋಡಪಾ, ನಿನ್ನ ಸಾಮಾನೂ ಅದರ ಹಿಂದ ಹೊರಗ ಬರ್ತಾವ" ಎಂದೆ. ಆದರೆ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಆ ನೆಲ ಯಾಕೆ ಕೂರುತ್ತದೆ ಎಂದು ನನಗೆ ಗೊತ್ತು. ಅದರ ಕೆಳಗೆ ಸೊಂಟಮಟ್ಟದ ಒಂದು ಕುಣಿ ಇದೆ. ಎಷ್ಟು ಸಲ ಮಣ್ಣು ತುಂಬಿ ಬಡಿದರೂ ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅದು ತನ್ನ ಜಾಗ ತೋರಿಸುತ್ತದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಕರದಂಟು ಕೊಳ್ಳಲು ಇಳಿದರು. ನಾನು ಇಳಿಯದೆ ಕಿಟಕಿಗೆ ತಲೆ ಆನಿಸಿ ಕೂತು ಆ ಕುಣಿ ತೋಡಿದವರ ಮೇಲೆ ಇಷ್ಟು ವರ್ಷದ ನಂತರವೂ ಸಿಟ್ಟಾದೆ.

ಆ ಮನೆ ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಓಣಿಯ ಕಡೆಗೆ ಕೆಂಪು ಕಲ್ಲಿನ ಕಟ್ಟೆ. ಕಟ್ಟೆ ಹತ್ತಿದರೆ ಎಡಕ್ಕೆ ದೊಡ್ಡ ಖೋಲಿ, ಮನೆಯಲ್ಲಿ ಅದೊಂದೇ ಗಾಳಿ ಬೆಳಕಿನ ಜಾಗ. ಓಣಿಗೆ ತೆರೆಯುವ ಅಗಲವಾದ ಬಾಗಿಲು, ಪಕ್ಕದಲ್ಲಿ ಕೂತರೆ ಹೋಗಿಬರುವವರೆಲ್ಲ ಕಾಣುವ ಕಿಟಕಿ, ಗೋಡೆಯಲ್ಲಿ ಲಿಂಗಪೂಜೆಗೆಂದು ಕೊರೆದ ಒಂದು ಗೂಡು. ಬಲಕ್ಕೆ ಒಂದು ಸಣ್ಣ ಓಣಿಯಂಥ ಹಾದಿ, ಅದರ ಕೊನೆಗೆ ಹೊಗೆ ಹಿಡಿದ ಅಡಿಗೆಮನೆ, ಜೋಳದ ಚೀಲ, ಅಲ್ಲೇ ನಮ್ಮ ಊಟ, ಅಲ್ಲೇ ಅಪ್ಪ ಅವ್ವನ ಹಾಸಿಗೆ. ಹಿಂದೆ ಹಿತ್ತಲು, ಬಚ್ಚಲು, ಪಾಯಖಾನೆ. ಹಿತ್ತಲಿನಿಂದ ಹದಿನೇಳು ಕಲ್ಲಿನ ಮೆಟ್ಟಿಲು ಹತ್ತಿದರೆ ಮಾಳಿಗೆಯ ಮೇಲೆ ಒಂದು ಖೋಲಿ. ಅಲ್ಲಿ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಮತ್ತು ನಾನು ಮಲಗುತ್ತಿದ್ದೆವು. ಮನೆ ಆಯಿಯ ಹೆಸರಿನಲ್ಲಿತ್ತು. ಅಪ್ಪ ಹುನಗುಂದದ ಒಂದು ಕಚೇರಿಯಲ್ಲಿ ಗುಮಾಸ್ತ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವನು. ಎರಡು ಬಸ್ಸುಗಳ ನಡುವೆ ಮನೆಯಲ್ಲಿ ಏನಾದರೂ ಅದು ಅವನ ಪಾಲಿಗೆ ಆಗಿರಲಿಲ್ಲ.

ದೊಡ್ಡ ಖೋಲಿಯನ್ನು ಬಾಡಿಗೆಗೆ ಕೊಟ್ಟವಳು ಆಯಿ. ಬಂದವರು ನೇಕಾರರು, ಮಾನಪ್ಪ ಮತ್ತು ಅವನ ಹೆಂಡತಿ ಈರಕ್ಕ. ಇಳಕಲ್ಲಿನಲ್ಲಿ ನೇಕಾರನಿಗೆ ಮನೆ ಕೊಡಲು ಹಿಂದೆಮುಂದೆ ನೋಡುವವರು ಬಹಳ. ಕುಣಿಮಗ್ಗ ಹೂಡಬೇಕೆಂದರೆ ನೆಲ ತೋಡಬೇಕು. ನೇಯುವವನು ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ತನ್ನ ಮನೆಯ ನೆಲವನ್ನು ಯಾರು ತೋಡಲು ಬಿಡುತ್ತಾರೆ? ಆಯಿ ಬಿಟ್ಟಳು. ಅವಳ ತವರು ಮಗ್ಗದವರ ಓಣಿಯಲ್ಲಿ. ಲಾಳಿಯ ಸಪ್ಪಳ ಕೇಳುತ್ತಲೇ ಬೆಳೆದವಳು. ಬಿಟ್ಟದ್ದಷ್ಟೇ ಅಲ್ಲ, ನಮ್ಮೂರಿನಲ್ಲಿ ಮಗ್ಗದವರಿಗೆ ಮನೆ ಕೊಡುವಾಗ ಆಡುವ ಮಾತೊಂದಿದೆ, ಅದನ್ನೂ ಆಡಿದಳು. ಮಗ್ಗದ ಮೇಲೆ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹಿಡಿದು ಕಟ್ಟಿದ ನೂಲು, ಇರುವ ತನಕ ನೇಕಾರನನ್ನು ಎಬ್ಬಿಸಬಾರದು. ನಡುವೆ ಎಬ್ಬಿಸಿದರೆ ನೂಲು ಹಾಳು, ದುಡಿಮೆ ಹಾಳು, ಎಬ್ಬಿಸಿದವರಿಗೂ ಒಳ್ಳೆಯದಲ್ಲ ಎಂದು ಊರು ನಂಬಿತ್ತು. ಉಳಿದ ಮನೆ ಮಾಲಕರು ಇದನ್ನು ಬಾಯಿಮಾತಿಗೆ ಹೇಳುತ್ತಿದ್ದರು. ಆಯಿ ಕೊರಳಲ್ಲಿದ್ದ ಲಿಂಗದ ಮೇಲೆ ಕೈಯಿಟ್ಟು ಹೇಳಿದಳು.

"ಮಗ್ಗದ ಮ್ಯಾಲೆ ಹಾಸು ಇರೂತನಕ ನಿಮ್ಮನ್ನ ಏಳ್ರಿ ಅನ್ನೂದಿಲ್ಲ. ಹಾಸು ಇಳೀಲಿ, ಆಮ್ಯಾಲೆ ನೋಡೂಣು."

ಒಂದು ಹಾಸಿನಲ್ಲಿ ನಾಲ್ಕು ಸೀರೆ. ನಾಲ್ಕು ಸೀರೆ ಇಳಿಯಲು ಹೆಚ್ಚೆಂದರೆ ಒಂದು ತಿಂಗಳು. ತಿಂಗಳಿಗೊಮ್ಮೆ ಎಬ್ಬಿಸಬಹುದಾದ ಬಾಡಿಗೆಯವರು ಎಂದು ಆಯಿ ತಿಳಿದಿದ್ದಳೋ ಏನೋ. ಅವಳು ಮಾತು ಕೊಟ್ಟಾಗ ಅವಳ ಕಾಲು ಗಟ್ಟಿಯಿದ್ದವು, ದಿನಕ್ಕೆ ಹತ್ತು ಸಲ ಆ ಹದಿನೇಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು.

ಎರಡು ವರ್ಷದ ನಂತರ ಆಯಿಗೆ ಲಕ್ವಾ ಹೊಡೆಯಿತು. ಸೊಂಟದ ಕೆಳಗೆ ಜೀವವಿಲ್ಲ, ಬಲಗೈ ಅರ್ಧ. ಮಾತು ಮಾತ್ರ ಉಳಿಯಿತು. ಮಾಳಿಗೆಯ ಖೋಲಿಯಲ್ಲಿ ಬಿದ್ದವಳನ್ನು ಬಚ್ಚಲಿಗೆ ಇಳಿಸಬೇಕೆಂದರೆ ಅಪ್ಪ ಬೆನ್ನ ಮೇಲೆ ಹೊರಬೇಕು, ಅವ್ವ ಹಿಂದೆ ಕಾಲು ಹಿಡಿದು ಇಳಿಯಬೇಕು. ಅಪ್ಪನ ಬಸ್ಸಿನ ಹೊತ್ತಿಗೆ ಆಯಿಯ ಹೊಟ್ಟೆ ಕೂಡಿಬರಬೇಕಲ್ಲ? ಬಾರದ ದಿನ ಎಲ್ಲವೂ ಹಾಸಿಗೆಯಲ್ಲೇ. ಒಂದು ವಾರ ಕೆಳಗಿನ ಹಾದಿಯಲ್ಲಿ ಹಾಸಿಗೆ ಹಾಕಿ ನೋಡಿದೆವು. ಬಾಡಿಗೆಯವರು ಪಾಯಖಾನೆಗೆ ಹೋಗಲು ಅದೇ ಹಾದಿ ತುಳಿಯಬೇಕಿತ್ತು. ಮಾನಪ್ಪ ಚೊಂಬು ಹಿಡಿದು ತಲೆ ತಗ್ಗಿಸಿ ಹೋಗುವಾಗ ಆಯಿ ಮುಖದ ಮೇಲೆ ಸೆರಗು ಎಳೆದುಕೊಂಡು ಅಳುತ್ತಿದ್ದಳು. ತನ್ನ ಮನೆಯಲ್ಲಿ ತಾನೇ ದಾರಿಯಲ್ಲಿ ಬಿದ್ದ ಸಾಮಾನಾದೆ ಎಂದು ಅವಳಿಗೆ. ಎಂಟನೆಯ ದಿನ ನನ್ನನ್ನು ಮೇಲೆ ಒಯ್ಯಿರಿ ಎಂದಳು. ಅಂದಿನಿಂದ ಅವಳಿಗೆ ಒಂದೇ ಆಸೆ. ತಾನು ಮದುವೆಯಾಗಿ ಬಂದು ಹೊಕ್ಕ ಆ ದೊಡ್ಡ ಖೋಲಿಗೆ ಇಳಿಯಬೇಕು, ಕಿಟಕಿಯ ಹತ್ತಿರ ಹಾಸಿಗೆ ಹಾಕಿಸಿಕೊಳ್ಳಬೇಕು, ಗೂಡಿನಲ್ಲಿ ಲಿಂಗವಿಟ್ಟು ಪೂಜೆ ಮಾಡಬೇಕು, ಓಣಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸಬೇಕು. ಆದರೆ ಮಾತು ಮುರಿಯಲು ಒಲ್ಲಳು.

"ಹಾಸು ಇಳಿದ ದಿನ ನಾನೂ ಇಳೀತೇನಿ" ಎನ್ನುತ್ತಿದ್ದಳು.

ಹಾಸು ಇಳಿಯಲಿಲ್ಲ. ಯಾಕೆಂದು ಅವ್ವನಿಗೆ ಮೊದಲ ತಿಂಗಳೇ ಗೊತ್ತಾಯಿತು. ಹಳೆಯ ಹಾಸು ಪೂರ್ತಿ ಮುಗಿಯುವ ಮುಂಚೆ, ಇನ್ನೂ ಮೊಳದಷ್ಟು ನೂಲು ಮಗ್ಗದಲ್ಲಿ ಇರುವಾಗಲೇ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಎಲ್ಲ ನೇಕಾರರೂ ಹಾಗೇ ಮಾಡುತ್ತಾರೆ, ಮತ್ತೆ ಮೊದಲಿಂದ ಎಳೆ ಪೋಣಿಸುವ ಕಷ್ಟ ತಪ್ಪುತ್ತದೆ. ಮಗ್ಗ ಬರಿದಾಗುವುದೇ ಇಲ್ಲ. ಅವ್ವ ಓಣಿಯ ಹಿರಿಯರನ್ನು ಕರೆಸಿದಳು. ಅವರು ಬಂದು, ಚಹಾ ಕುಡಿದು, ದೊಡ್ಡ ಖೋಲಿಯೊಳಗೆ ಇಣುಕಿ ನೋಡಿದರು. ಮಾನಪ್ಪ ಕುಣಿಯಿಂದ ಎದ್ದು ಬಂದು ಕೈಮುಗಿದ.

"ಹಾಸು ಐತ್ರಿ ಯಪ್ಪಾ. ನಡುವ ಬಿಟ್ಟು ಎಲ್ಲಿ ಹೋಗ್ಲಿ? ಆಯಿ ಲಿಂಗ ಮುಟ್ಟಿ ಮಾತ ಕೊಟ್ಟಾರ, ನೀವ ಹೇಳ್ರಿ."

"ಹಾಸೇನೋ ಐತವಾ" ಎಂದು ಹಿರಿಯರು ಅವ್ವನ ಕಡೆ ನೋಡಿ ಹೇಳಿ, ತಲೆಯ ಪಟಕ ಸರಿಮಾಡಿಕೊಂಡು ಎದ್ದುಹೋದರು. ಅಪ್ಪ "ಕಾಯೋಣು" ಎಂದ. ಅವ್ವ ಅಪ್ಪನ ಕಡೆ ನೋಡಿದ ನೋಟ ನನಗೆ ನೆನಪಿದೆ. ಅಂಥ ನೋಟವನ್ನು ನಾನು ಆಮೇಲೆ ನನ್ನ ಗಂಡನ ಮೇಲೆ ಬಳಸಿದ್ದೇನೆ.

ಅಲ್ಲಿಂದ ಯುದ್ಧ. ಬಾಡಿಗೆಯನ್ನು ಅವರು ಒಂದು ದಿನವೂ ತಡ ಮಾಡಿದವರಲ್ಲ, ಹಾಗಾಗಿ ಆ ನೆಪವೂ ಅವ್ವನಿಗೆ ಸಿಗಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಉರಿ. ನಳಕ್ಕೆ ನೀರು ಬಿಟ್ಟ ದಿನ ನಮ್ಮ ಹಂಡೆ, ಕೊಡ, ಬೋಗುಣಿ, ಕೊನೆಗೆ ಹಾಲಿನ ತಂಬಿಗೆಯೂ ತುಂಬುವ ತನಕ ಈರಕ್ಕನ ಕೊಡಕ್ಕೆ ಪಾಳಿ ಇಲ್ಲ. ಮೆಣಸಿನಕಾಯಿಯನ್ನು ಬೇರೆಲ್ಲೂ ಒಣಗಿಸದೆ ಅವರ ಕಿಟಕಿಯ ಕೆಳಗೇ ಹರವಿ ಕೋಲಿನಿಂದ ಹೊಡೆಯುವುದು. ಮಾನಪ್ಪ ಸೀನಿದರೆ ಎಳೆ ಹರಿಯುತ್ತಿತ್ತು, ಅವ್ವ ಅದನ್ನು ಕೇಳಿಸಿಕೊಂಡು ಇನ್ನೆರಡು ಏಟು ಹಾಕುತ್ತಿದ್ದಳು. ಅವರೇನು ಸುಮ್ಮನಿರುವವರೇ? ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ಈರಕ್ಕ ನಮ್ಮ ಅಡಿಗೆಮನೆಯ ಬಾಗಿಲ ಬುಡಕ್ಕೇ ಚೆಲ್ಲುತ್ತಿದ್ದಳು, ನೊಣವೆಲ್ಲ ನಮ್ಮ ರೊಟ್ಟಿಯ ಮೇಲೆ. ಅವ್ವ ಪೂಜೆಗೆ ಕೂತ ಗಳಿಗೆ ನೋಡಿ ಮಾನಪ್ಪ ಮಗ್ಗ ಜೋರು ಮಾಡುತ್ತಿದ್ದ, ಗೋಡೆ ಅದುರಿ ಅಡಿಗೆಮನೆಯಲ್ಲಿ ಅವಳು ಹಚ್ಚಿಟ್ಟ ದೀಪ ನಡುಗುತ್ತಿತ್ತು. ಒಂದು ದಿನ ಅವ್ವ ಹಿತ್ತಲ ಬಾಗಿಲಿಗೆ ಬೀಗ ಹಾಕಿಬಿಟ್ಟಳು, ಪಾಯಖಾನೆಗೆ ಹಾದಿಯಿಲ್ಲದಂತೆ. ಈರಕ್ಕ ಗಲಾಟೆ ಮಾಡಲಿಲ್ಲ. ಚೊಂಬು ಹಿಡಿದು ಓಣಿಯ ನಡುವೆ ನಿಂತು, ಹೋಗಿಬರುವ ಹೆಂಗಸರಿಗೆಲ್ಲ "ನೋಡ್ರೆವಾ, ಮನಿ ಐತಿ, ಬಾಗಲಾ ಇಲ್ಲ" ಎಂದು ತೋರಿಸಿದಳು. ಬೀಗ ಮಧ್ಯಾಹ್ನದೊಳಗೆ ತೆಗೆಯಬೇಕಾಯಿತು. ಮೇಲೆ ಆಯಿ ಎಲ್ಲವನ್ನೂ ಕೇಳುತ್ತ ಮಲಗಿರುತ್ತಿದ್ದಳು.

ನಾನು ಆಗ ಹನ್ನೊಂದು ವರ್ಷದವಳು, ಮನೆಗೆ ಒಬ್ಬಳೇ ಮಗಳು, ಅವ್ವನ ಬೈಗುಳಕ್ಕೂ ಒಬ್ಬಳೇ ವಾರಸುದಾರಳು. ನನ್ನ ಕೈಯಿಂದ ಸಾರು ತುಂಬಿದ ವಾಟಗ ಬೀಳುತ್ತಿತ್ತು, ರೊಟ್ಟಿ ಹರಿಯುತ್ತಿತ್ತು, ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಚೆಲ್ಲುತ್ತಿತ್ತು.

"ನಿನ್ನ ಕೈಯಾಗ ಒಂದಾದ್ರೂ ನಿಂದರ್ತೈತೇನ? ಯಾವ ಮನೀಗೆ ಕೊಟ್ರೂ ಮರುದಿನ ವಾಪಸ್ ಕಳಸ್ತಾರ ನಿನ್ನ."

ಅಂಥ ಕೈಯವಳನ್ನು ಅವ್ವ ಗೂಢಚಾರಿಣಿ ಮಾಡಿದಳು. ಮಕ್ಕಳು ಯಾರ ಮನೆಗೆ ಹೊಕ್ಕರೂ ಯಾರೂ ಕೇಳುವುದಿಲ್ಲ. ಸಾಲಿ ಬಿಟ್ಟ ಮೇಲೆ ದೊಡ್ಡ ಖೋಲಿಗೆ ಹೋಗಿ ಕೂರಬೇಕು, ಹಾಸು ಎಷ್ಟು ಉಳಿದಿದೆ ನೋಡಬೇಕು, ಕೆಚ್ಚುವುದಕ್ಕೆ ಮುಂಚೆ ಓಡಿಬಂದು ಹೇಳಬೇಕು. ಆ ಒಂದು ಗಳಿಗೆ ಸಿಕ್ಕರೆ ಸಾಕು, ಹಿರಿಯರನ್ನು ಕರೆತಂದು ಬಾಗಿಲಿಗೆ ಅಡ್ಡ ನಿಂತು ಹೊಸ ಹಾಸು ಕೂಡಿಸಲು ಬಿಡದೆ ಹಳೆಯದು ಮುಗಿಯುವ ತನಕ ಕಾಯುತ್ತೇನೆ ಎಂದು ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು.

"ಆಯಿ ಕೆಳಗ ಬರೂದು ನಿನ್ನ ಮ್ಯಾಲೈತಿ, ತಿಳೀತಿಲ್ಲೋ?"

ತಿಳಿಯಿತು. ಅಷ್ಟನ್ನು ನಾನು ಈಗ ಅಲ್ಲಗಳೆಯುವುದಿಲ್ಲ. ದಿನಾ ಹೋಗಿ ಕೂತೆ. ಕಪ್ಪು ಮೈಯ, ಕೆಂಪು ದಡಿಯ ಸೀರೆ ಮೊಳ ಮೊಳ ಇಳಿಯುತ್ತಿತ್ತು. ಮಾನಪ್ಪ ನನ್ನನ್ನು ಮಾತಾಡಿಸುತ್ತಿರಲಿಲ್ಲ, ಶತ್ರುವಿನ ಮಗಳು ಎಂದು ಅವನಿಗೆ ಗೊತ್ತಿತ್ತು. ಈರಕ್ಕನಿಗೂ ಗೊತ್ತಿತ್ತು, ಆದರೆ ಅವಳ ಬಾಯಿ ಸುಮ್ಮನಿರದು. "ಏನವಾ ಸರ್ಕಾರಿ ಮನಷಾಳ, ಎಷ್ಟು ಸೀರಿ ಆತು ಬರಕೊಂಡಿ?" ಎಂದು ಕೆಣಕುತ್ತಿದ್ದಳು. ಅವಳಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಹತ್ತಿರ ಹಿಡಿದ ಎಳೆ ಎರಡಾಗಿ ಕಾಣುತ್ತದೆ ಎಂದು ಒಂದು ಸಲ ಗಂಡನಿಗೆ ಮೆಲ್ಲಗೆ ಹೇಳಿದ್ದನ್ನು ಕೇಳಿದ್ದೆ. ಕೆಚ್ಚಲು ಬರುತ್ತಿದ್ದ ಪಕ್ಕದ ಓಣಿಯ ಹೆಂಗಸೂ ಆ ತಿಂಗಳು ಮಗಳ ಬಾಣಂತನಕ್ಕೆಂದು ಬೇವೂರಿಗೆ ಹೋಗಿದ್ದಳು. ಹಳೆಯ ಹಾಸು ಮೊಳದಷ್ಟು ಉಳಿದ ದಿನ, ಮಾನಪ್ಪ ಎದ್ದು ಹೊರಗೆ ಹೋದಾಗ, ಈರಕ್ಕ ಹೊಸ ನೂಲಿನ ಮುಂದೆ ಕೂತು ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡಳು. ಬೂದಿ ಹಚ್ಚಿದರೆ ಎಳೆ ಜಾರದೆ ಹೊಸೆದುಕೊಳ್ಳುತ್ತದೆ. ಹೊಸೆದಳು, ಬಿಚ್ಚಿತು. ಮತ್ತೆ ಹೊಸೆದಳು, ಮತ್ತೆ ಬಿಚ್ಚಿತು. ನಾನು ಎದ್ದು ಓಡಬೇಕಾದ ಗಳಿಗೆ ಅದೇ.

"ಬಾ ಇಲ್ಲಿ, ಒಂದ ಎಳಿ ಹಿಡಿ, ನೋಡೂಣು."

ಹಿಡಿದೆ. ಹಳೆಯ ಎಳೆ, ಹೊಸ ಎಳೆ, ಎರಡರ ತುದಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒಂದು ಉರುಳು, ಮಡಚಿ ಇನ್ನೊಂದು ಉರುಳು. ನಿಂತಿತು. ಈರಕ್ಕ ಎಳೆದು ನೋಡಿದಳು. ನನ್ನ ಕೈ ಹಿಡಿದು ಬೆಳಕಿಗೆ ತಿರುವಿ, ಮೂಗಿನ ಹತ್ತಿರ ಒಯ್ದು ನೋಡಿದಳು.

"ಎಂಥಾ ಬೆರಳವಾ ಇವು. ಇಂಥಾ ಕೈ ನಾ ನೋಡೇ ಇಲ್ಲ."

ಯಾರೂ ನನ್ನ ಕೈಗೆ ಹಾಗೆ ಅಂದಿರಲಿಲ್ಲ. ಅಂದು ಮುನ್ನೂರು ಎಳೆ ಕೆಚ್ಚಿದೆನೋ ನಾನೂರೋ, ನೆನಪಿಲ್ಲ. ಮರುದಿನವೂ ಹೋದೆ, ಅದರ ಮರುದಿನವೂ. ಅವ್ವ ಕೇಳಿದರೆ "ಇನ್ನೂ ಒಂದು ಸೀರಿ ಐತಿ" ಎಂದೆ. ಬೆರಳಿಗೆ ಹತ್ತಿದ ಬೂದಿ ನೋಡಿ ಅವ್ವ, ನಾನೇ ಹೋಗಿ ವಿಭೂತಿ ಹಚ್ಚಿಕೊಂಡು ಬಂದೆನೆಂದು ತಿಳಿದು, ಆ ವರ್ಷದಲ್ಲಿ ಒಂದೇ ಸಲ ನನ್ನನ್ನು ಹೊಗಳಿದಳು. ಹೊಸ ಹಾಸು ಮಗ್ಗಕ್ಕೆ ಏರಿದ ಮೇಲೆ ಅವಳಿಗೆ ಸುದ್ದಿ ತಿಳಿಯಿತು. ಕಣ್ಣಿದ್ದೂ ಕುರುಡಿ ಎಂದು ನನ್ನ ಕಿವಿ ಹಿಂಡಿದಳು. ನಾನು ಅತ್ತೆ, ಆದರೆ ಒಳಗೆ ನನಗೆ ಬಹಳ ಸಂತೋಷವಿತ್ತು.

ಮೊದಲ ಸಲ ಗೊತ್ತಾಗದೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಹುಡುಗಿ, ಹೊಗಳಿಕೆಗೆ ಸೋತಳು ಎನ್ನಬಹುದು. ಎರಡನೆಯ ಸಲಕ್ಕೆ ಆ ದಾರಿಯೂ ಇಲ್ಲ. ಮುಂದಿನ ಹಾಸು ಮುಗಿಯುತ್ತ ಬಂದಾಗ, ಇನ್ನೂ ಎರಡು ಸೀರೆ ಇದೆ ಎಂದು ಅವ್ವನಿಗೆ ಸುಳ್ಳು ಹೇಳಿ, ನಾನೇ ಹೋಗಿ ಬೂದಿ ಹಚ್ಚಿಕೊಂಡು ಕೂತೆ. ನಡುವೆ ಈರಕ್ಕ ನಕ್ಕು ಹೇಳಿದಳು:

"ಇನ್ನೊಂದು ತಿಂಗಳು ನಿಮ್ಮವ್ವ ನಮ್ಮನ್ನ ಎಬ್ಬಸಂಗಿಲ್ಲ ನೋಡ."

ನನ್ನ ಕೈ ನಿಂತಿತು. ಮೇಲೆ ಮಾಳಿಗೆಯಲ್ಲಿ ಆಯಿ ಕೆಮ್ಮುತ್ತಿದ್ದುದು ಕೇಳುತ್ತಿತ್ತು. ಈರಕ್ಕನಿಗೂ ಕೇಳಿಸಿತು. ಅವಳ ನಗೆ ಹೋಯಿತು.

"ನಮಗೂ ಬ್ಯಾರೆ ಯಾರೂ ಮನಿ ಕೊಡವಲ್ರು ತಂಗಿ. ಮಗ್ಗ ಅಂದಕೂಡ್ಲೆ ಬಾಗಲಾ ಹಾಕ್ತಾರ. ನಾಕು ಓಣಿ ತಿರಗಿ ಬಂದಾನ ನಮ್ಮ ಮನಷಾ. ನಿನಗ ಬ್ಯಾಡಂದ್ರ ಬಿಡು, ಏಳು."

ನಾನು ಏಳಲಿಲ್ಲ. ಉಳಿದ ಎಳೆಗಳನ್ನೆಲ್ಲ ಕೆಚ್ಚಿದೆ. ಅವರ ಮೇಲಿನ ಕನಿಕರಕ್ಕೆ ಅಲ್ಲ. ಆ ವಯಸ್ಸಿನಲ್ಲಿ ನನಗೆ ಕನಿಕರ ಇರಲಿಲ್ಲ, ಈಗಲೂ ಹೆಚ್ಚಿಲ್ಲ. ಮನೆಯಲ್ಲಿ ಏನೂ ನಿಲ್ಲದ ನನ್ನ ಕೈಯಲ್ಲಿ ಅಲ್ಲಿ ಸಾವಿರ ಎಳೆ ನಿಲ್ಲುತ್ತಿದ್ದವು. ಅವರು ಹೋದರೆ ಆ ಕೈ ಮತ್ತೆ ವಾಟಗ ಬೀಳಿಸುವ ಕೈಯಾಗುತ್ತಿತ್ತು. ಅಷ್ಟಕ್ಕೇ ಕೆಚ್ಚಿದೆ. ಆಯಿಯನ್ನು ಮೇಲೆಯೇ ಬಿಟ್ಟೆ.

ಆ ಸಂಜೆ ಆಯಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದೆ. ಅವಳು ತಿನ್ನುವುದನ್ನು ನಿಲ್ಲಿಸಿ ಎಡಗೈಯಿಂದ ನನ್ನ ಬೆರಳು ಹಿಡಿದಳು. ಮುಟ್ಟಿ ನೋಡಿದಳು, ಮೂಸಿದಳು. ಮಗ್ಗದವರ ಓಣಿಯಲ್ಲಿ ಹುಟ್ಟಿದವಳಿಗೆ ಒಲೆಯ ಬೂದಿ ಯಾವುದು, ವಿಭೂತಿ ಯಾವುದು ಎಂದು ಹೇಳಿಕೊಡಬೇಕೇ.

"ಕೆಚ್ಚಾಕ ಹೋಗಿದ್ದೇನ ಕೂಸ?"

ನಾನು ಬೆರಳು ಎಳೆದುಕೊಳ್ಳಲು ನೋಡಿದೆ.

"ಎಲ್ಲಾ ಎಳಿ ಆತೇನು?"

"ಆತು."

ಆಯಿ ಬಹಳ ಹೊತ್ತು ನನ್ನ ಬೆರಳು ಬಿಡಲಿಲ್ಲ. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಇವತ್ತಿಗೆ ನನ್ನ ಜೀವ ಇಷ್ಟು ಕಹಿಯಾಗಿರುತ್ತಿರಲಿಲ್ಲ.

"ಕೈ ತೊಳಕೊಂಡು ಕೆಳಗ ಹೋಗು. ಅವ್ವ ನೋಡ್ಯಾಳು."

ಅಷ್ಟೇ. ಹಾಲು ರೊಟ್ಟಿ ಸಾಕೆಂದು ಮುಖ ಗೋಡೆಗೆ ತಿರುಗಿಸಿದಳು. ಹಾಸು ಇಳಿದ ದಿನ ನಾನೂ ಇಳೀತೇನಿ ಎನ್ನುವ ಮಾತನ್ನು ಅವಳು ಮತ್ತೆ ಆಡಲಿಲ್ಲ. ಕಿಟಕಿಯ ಮಾತೂ ಇಲ್ಲ, ಗೂಡಿನ ಮಾತೂ ಇಲ್ಲ. ಅವ್ವ ಬಂದು "ಇನ್ನ ಹದಿನೈದು ದಿನ ತಡೀರಿ ಅತ್ತಿ, ಈ ಸಲ ಬಿಡೂದಿಲ್ಲ ನಾ" ಎಂದರೆ, "ಇರ್ಲಿ ಬಿಡವಾ" ಎನ್ನುತ್ತಿದ್ದಳು. ಅದು ಅವ್ವನಿಗೆ ಅರ್ಥವಾಗಲಿಲ್ಲ, ನನಗೆ ಆಯಿತು.

ಹದಿನೈದು ದಿನ ಆಗಲಿಲ್ಲ. ಒಂದು ಬೆಳಿಗ್ಗೆ ಅವ್ವ ಮುಖ ತೊಳೆಸಲು ಬಿಸಿನೀರು ಒಯ್ದಾಗ ಆಯಿ ಹೋಗಿಬಿಟ್ಟಿದ್ದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಒಯ್ದು ಮಣ್ಣು ಮಾಡುತ್ತಾರೆ. ಕುರ್ಚಿಗೆ ಧೋತರದಿಂದ ಕಟ್ಟಿ, ನಾಲ್ಕು ಜನ ಹಿಡಿದು ಆ ಹದಿನೇಳು ಮೆಟ್ಟಿಲು ಇಳಿಸಿದರು. ಬಂದುಹೋಗುವವರಿಗೆ ದರ್ಶನಕ್ಕೆ ಎಲ್ಲಿ ಕೂಡಿಸುವುದು? ಅಡಿಗೆಮನೆಯಲ್ಲಿ ಜಾಗವಿಲ್ಲ, ಹಾದಿಯಲ್ಲಿ ಕೂಡಿಸಿದರೆ ಯಾರೂ ದಾಟುವಂತಿಲ್ಲ. ಎಲ್ಲರೂ ನಿಂತಲ್ಲೇ ನಿಂತಾಗ ದೊಡ್ಡ ಖೋಲಿಯ ಬಾಗಿಲು ತೆರೆಯಿತು. ಮಾನಪ್ಪ ಮಗ್ಗವನ್ನು ಎಷ್ಟು ಸರಿಸಬಹುದೋ ಅಷ್ಟು ಸರಿಸಿ, ಕುಣಿಯ ಮೇಲೆ ಹಲಗೆ ಹಾಕಿ, ಕಿಟಕಿಯ ಹತ್ತಿರ ಕಂಬಳಿ ಹಾಸಿದ್ದ.

"ಇಲ್ಲೇ ಕೂಡಸ್ರಿ. ಆಯಿದ ಖೋಲಿ ಇದು."

ಕೂಡಿಸಿದರು. ಆಯಿ ತಾನು ಬಯಸಿದ ಕಿಟಕಿಯ ಪಕ್ಕದಲ್ಲಿ, ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಕೂತಳು. ಓಣಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿದರು. ಪಕ್ಕದಲ್ಲಿ ಮಗ್ಗ, ಮಗ್ಗದ ಮೇಲೆ ನಾನು ಕೆಚ್ಚಿದ ಹಾಸು. ಅವ್ವ ಅಲ್ಲಿಯ ತನಕ ಅತ್ತಿರಲಿಲ್ಲ. ಆ ಕಿಟಕಿಯಲ್ಲಿ ಆಯಿಯನ್ನು ನೋಡಿದಳು, ಮಗ್ಗವನ್ನು ನೋಡಿದಳು, ಆಮೇಲೆ ಗೋಡೆಗೆ ತೂಗುಹಾಕಿದ್ದ ಮಾನಪ್ಪನದೇ ಕತ್ತರಿ ತೆಗೆದುಕೊಂಡಳು. ಯಾರಿಗೂ ತಡೆಯಲು ಹೊತ್ತು ಸಿಗಲಿಲ್ಲ. ಕತ್ತರಿಯ ನಾಲ್ಕು ಬಾಯಿಗೆ ಹಾಸು ಎರಡಾಗಿ ಜೋತುಬಿತ್ತು. ಬೂದಿ ಬಣ್ಣದ ಗಂಟುಗಳ ಸಾಲು ಇದ್ದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅವ್ವ ಎಲ್ಲರಿಗೂ ತೋರಿಸಿದಳು.

"ನೋಡ್ರಿ. ಇದರ ಸಲುವಾಗಿ ನಮ್ಮತ್ತಿ ಮ್ಯಾಲೆ ಕೊಳತು ಸತ್ಲು. ಈ ಎಳಿ ಕೆಚ್ಚಿದ ಕೈಗೆ ಹುಳಾ ಬೀಳ್ಲಿ. ಆ ಕೈ ತುತ್ತು ಎತ್ತದಂಗಾಗ್ಲಿ."

ನಾನು ಆಯಿಯ ಕಾಲ ಹತ್ತಿರ ಕೂತಿದ್ದೆ. ಕೈ ಎರಡನ್ನೂ ಲಂಗದ ಕೆಳಗೆ ಸೇರಿಸಿದೆ. ಮಾನಪ್ಪ ಒಂದು ಹೆಜ್ಜೆ ಮುಂದೆ ಬಂದ, ಬಾಯಿ ತೆರೆದ. ತಿಂಗಳ ದುಡಿಮೆ ನೆಲದ ಮೇಲೆ ಬಿದ್ದಿತ್ತು, ಅವನು ಹೇಳಿಬಿಡುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಈರಕ್ಕ ಅವನ ಎದೆಗೆ ಕೈ ಅಡ್ಡ ಹಿಡಿದಳು. ನನ್ನ ಕಡೆ ಒಂದೇ ಸಲ ನೋಡಿದಳು, ಆ ಮಂಜುಗಣ್ಣಿಗೆ ನಾನು ಎಷ್ಟು ಕಂಡೆನೋ.

"ಬೀಳ್ಲಿ ಬಿಡ್ರಿ ಅಕ್ಕಾರ" ಎಂದಳು. "ನನ್ನ ಕೈನ ಅವು."

ಅವಳ ಕೈ ಎಂದು ಎಲ್ಲರೂ ನಂಬಿದರು. ಒಬ್ಬಾಕೆ ಅವಳ ಕಾಲ ಬುಡಕ್ಕೆ ಉಗುಳಿದಳು. ಇದಕ್ಕಾಗಿ ನಾನು ಈರಕ್ಕನನ್ನು ಇನ್ನೂ ಕ್ಷಮಿಸಿಲ್ಲ. ಶತ್ರು ಶತ್ರುವಿನ ಹಾಗೆ ಇರಬೇಕು. ಅವಳು ನನ್ನ ಹೆಸರು ಹೇಳಿದ್ದರೆ ಅವ್ವ ನನ್ನನ್ನು ಹೊಡೆಯುತ್ತಿದ್ದಳು, ಒಂದು ವರ್ಷ ಮಾತು ಬಿಡುತ್ತಿದ್ದಳು, ಆಮೇಲೆ ಅದು ಮುಗಿಯುತ್ತಿತ್ತು. ಹೇಳದೆ ಬಿಟ್ಟದ್ದರಿಂದ ಅದು ಮುಗಿಯದೆ ಉಳಿಯಿತು.

ಮೂರನೆಯ ದಿನ ಅವರು ಮಗ್ಗ ಬಿಚ್ಚಿದರು. ಎತ್ತಿನ ಬಂಡಿಯ ಮೇಲೆ ಮರದ ತುಂಡುಗಳು, ಎರಡು ಟ್ರಂಕು, ಒಂದು ಕೊಡ. ಬಾದಾಮಿ ಕಡೆ ಎಲ್ಲೋ ಹೋದರು ಎಂದು ಕೆಲವರು, ಮಗ್ಗವನ್ನೇ ಬಿಟ್ಟರು ಎಂದು ಕೆಲವರು. ನಾನು ವಿಚಾರಿಸಲಿಲ್ಲ. ಖೋಲಿ ಖಾಲಿಯಾಯಿತು, ಅದರಲ್ಲಿ ಮಲಗಬೇಕಾದವಳು ಇರಲಿಲ್ಲ. ಅವ್ವ ಒಂದು ದಿನವೂ ಅಲ್ಲಿ ಹಾಸಿಗೆ ಹಾಕಲಿಲ್ಲ. ಕುಣಿಗೆ ಮಣ್ಣು ತುಂಬಿಸಿ, ಸೆಗಣಿ ಸಾರಿಸಿ, ತಿಂಗಳೊಳಗೆ ಮತ್ತೊಬ್ಬರಿಗೆ ಬಾಡಿಗೆಗೆ ಕೊಟ್ಟಳು. ಸಾಯುವ ತನಕ ಯಾರ ಮನೆಯಲ್ಲಿ ಬಾಡಿಗೆಯ ಮಾತು ಬಂದರೂ ಈರಕ್ಕನ ಕೈಗೆ ಶಾಪ ಹಾಕುತ್ತಿದ್ದಳು. ನಾನು ಎದುರಿಗೆ ಕೂತು ಸೊಪ್ಪು ಸೋಸುತ್ತ ಕೇಳುತ್ತಿದ್ದೆ. ದೊಡ್ಡವಳಾಗಿ, ಮದುವೆಯಾಗಿ, ನಾನೇ ಮನೆ ಮಾಲಕಿಯಾದ ಮೇಲೂ ಕೇಳಿದೆ. ಹೇಳಬಹುದಾಗಿದ್ದ ದಿನಗಳು ಎಷ್ಟೋ ಬಂದುಹೋದವು.

ಹೋದ ತಿಂಗಳು ನಾನು ಇಳಕಲ್ಲಿನಲ್ಲಿ ಇಳಿದಾಗ ಬಾಡಿಗೆಯವನು ಕರೆಸಿದ ಗೌಂಡಿ ಆಗಲೇ ಟೈಲ್ಸ್ ಕಿತ್ತಿದ್ದ. ಕುಣಿ ಬಾಯಿ ತೆರೆದಿತ್ತು. ಬಾಡಿಗೆಯವನು ಸೊಂಟದ ಮೇಲೆ ಕೈಯಿಟ್ಟು, ಆ ಕುಣಿ ನಾನೇ ತೋಡಿದ್ದು ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದ. ಅವನೊಂದಿಗೆ ಹತ್ತು ನಿಮಿಷ ಜಗಳವಾಡಿದೆ, ಕಪಾಟು ಎಲ್ಲಿಡಬೇಕು ಎಂದು ನನ್ನನ್ನು ಕೇಳಿದ್ದೆಯಾ ಎಂದೆ, ಅವನು ಗೊಣಗುತ್ತ ಹೊರಗೆ ಹೋದ. ಗೌಂಡಿ ಅದೇ ಓಣಿಯ ಮುದುಕ. ಕಲ್ಲು ತುಂಬಿ ಬಡಿಯುತ್ತ, ತಲೆ ಎತ್ತದೆ ಕೇಳಿದ.

"ಬಾಯಾರ, ನಿಮ್ಮ ಆಯಿ ಮ್ಯಾಲಿನ ಖೋಲ್ಯಾಗ ಸತ್ರಂತಲ್ರಿ, ಬಾಡಿಗಿ ಮಂದಿ ಇದನ್ನ ಬಿಟ್ಟಕೊಡಲಿಲ್ಲಂತ. ನಮ್ಮವ್ವ ಹೇಳ್ತಿದ್ಲು. ಖರೆ ಏನ್ರಿ?"

ಖೋಲಿಯಲ್ಲಿ ನಾವಿಬ್ಬರೇ ಇದ್ದೆವು. ಅವ್ವ ಇಲ್ಲ, ಅಪ್ಪ ಇಲ್ಲ, ಕೇಳಿಸಿಕೊಂಡು ನೊಂದುಕೊಳ್ಳುವವರು ಯಾರೂ ಉಳಿದಿಲ್ಲ. ಕಿಟಕಿಯಿಂದ ಬೆಳಕು ಆ ಕುಣಿಯ ತಳದ ತನಕ ಬಿದ್ದಿತ್ತು.

"ಖರೆ" ಎಂದೆ. "ಬಿಟ್ಟಕೊಡಲಿಲ್ಲ."

ಗಟ್ಟಿಯಾಗಿ ಬಡಿ ಎಂದು ಅವನಿಗೆ ಹೇಳಿ, ಕೈಗೆ ಹತ್ತಿದ ಧೂಳು ಝಾಡಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ.